ಬಾಲ್ ಪೈಥಾನ್: ಹಾವಿಗೆ ಮುನ್ನ ಪೆಟ್ಟಿಗೆ ಸಿದ್ಧವಾಗಲಿ

ಪಶ್ಚಿಮ ಹಾಗೂ ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕ ಮತ್ತು ಯುರೋಪಿನಲ್ಲಿ ಹೆಚ್ಚಾಗಿ ಸಾಕಲಾಗುವ ವಿಷರಹಿತ ಹಾವು. ಶೀತರಕ್ತ ಜೀವಿಯಾದ ಇದು ದೇಹದ ಉಷ್ಣತೆಗೆ ಪರಿಸರವನ್ನೇ ಅವಲಂಬಿಸಿದೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದರಲ್ಲಿ 25 ಡಿಗ್ರಿ ಉಷ್ಣಾಂಶವಿರಬೇಕು. ಥರ್ಮೋಸ್ಟಾಟ್ ಇಲ್ಲದ ಹೀಟರ್ ಚರ್ಮವನ್ನು ಸುಡಬಲ್ಲದು.

ಬೆಳೆದ ಹಾವಿಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ, ಭದ್ರವಾಗಿ ಮುಚ್ಚುವ ಪೆಟ್ಟಿಗೆ ಸೂಕ್ತ. ಎರಡೂ ತುದಿಗಳಲ್ಲಿ ಅಡಗುತಾಣ ಅಗತ್ಯ. ಮರೆಯಿಲ್ಲದೆ ಬೆದರಿದ ಹಾವು ಆಹಾರ ಮುಟ್ಟದಿರಬಹುದು. ತೇವಾಂಶ ತಗ್ಗಿದರೆ ಪೊರೆ ಸರಿಯಾಗಿ ಕಳಚದು.

ಭಾರತದಲ್ಲಿ ಇದನ್ನು ಸಾಕುವವರು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸುವುದು ಕಡ್ಡಾಯ. ನಾಗರ, ಕೇರೆ, ನಮ್ಮ ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.