ಶಾಲೆ ಹತ್ತಿರ ಬಂತು, ಕೆಲಸ ಇನ್ನೂ ದೂರ

ಕಿವುಡ ಮತ್ತು ಅಂಧ ಮಕ್ಕಳಿಗೆಂದು ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಶಾಲೆ ತೆರೆದದ್ದು 1901ರಲ್ಲಿ. ಆನಿ ಶಾರ್ಪ್ ಅಮೃತಸರದಲ್ಲಿ ದೇಶದ ಮೊದಲ ಅಂಧರ ಶಾಲೆ ಆರಂಭಿಸಿ ಆಗಿನ್ನೂ ಹದಿನಾಲ್ಕು ವರ್ಷವಾಗಿತ್ತು. ಆ ಶಾಲೆಗೆ ಕೊಳ್ಳೇಗಾಲದಿಂದ ಸುಮಾರು ಅರುವತ್ತು ಕಿಲೋಮೀಟರು. ಎತ್ತಿನ ಗಾಡಿ ಕಟ್ಟಿ ಹೊರಟರೆ ಎರಡು ದಿನದ ಹಾದಿ. ಆದರೆ ಸರ್ಕಾರದ ಲೆಕ್ಕವೇ ಬೇರೆ. ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಪಕ್ಕದ ಯಳಂದೂರು ಮೈಸೂರು ಸೀಮೆಯದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ ಜಹಗೀರು. ಮಲೆ ಮಹದೇಶ್ವರನ, ಜನರ ಬಾಯಲ್ಲಿ ಮಾದಪ್ಪನ, ಪರಿಷೆಗೆ ಒಟ್ಟಿಗೇ ಬೆಟ್ಟ ಹತ್ತುತ್ತಿದ್ದ ಎರಡು ಊರಿನ ಜನ ಕಂದಾಯ ಕಟ್ಟುತ್ತಿದ್ದದ್ದು, ಅರ್ಜಿ ಬರೆಯುತ್ತಿದ್ದದ್ದು ಎರಡು ಬೇರೆ ಸರ್ಕಾರಗಳಿಗೆ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್‌ನಲ್ಲಿ.

ಅಲ್ಲಿಯವರೆಗೆ, ನಿಜ ಹೇಳಬೇಕೆಂದರೆ ಅದಾದ ಮೇಲೂ ಬಹುಕಾಲ, ಮಾದಪ್ಪನ ಎಪ್ಪತ್ತೇಳು ಮಲೆಯ ಸೆರಗಿನ ಹಳ್ಳಿಗಳಲ್ಲಿ ಕಾಲು ಊನವಾದ, ಕಣ್ಣು ಕಾಣದ, ಮಾತು ಬಾರದ ಮಗುವಿಗೆ ಇದ್ದ ದಾರಿಗಳು ಕೆಲವೇ. ಮಾದಪ್ಪನಿಗೊಂದು ಹರಕೆ, ನಾಟಿ ವೈದ್ಯರ ಎಣ್ಣೆ, ಆಮೇಲೆ ಮನೆಯ ಜಗುಲಿ. ದೊಡ್ಡವರು ಹೊಲಕ್ಕೆ ಹೋದಾಗ ಮನೆ ಕಾಯುವುದು, ಕೋಳಿ ಓಡಿಸುವುದು, ಕಿರಿಯ ಮಗುವಿನ ಜೋಲಿ ತೂಗುವುದು ಅದರ ಪಾಲಿನ ಕೆಲಸ. ಕೂಲಿ ಇಲ್ಲವಾದ್ದರಿಂದ ಅದನ್ನು ಕೆಲಸವೆಂದು ಯಾರೂ ಎಣಿಸಲಿಲ್ಲ.

ಪಟ್ಟಣದ ವಿಶೇಷ ಶಾಲೆಗಳು ಅಕ್ಷರದ ಜೊತೆಗೆ ಕಸುಬನ್ನೂ ಕಲಿಸಿದವು. ಆ ಕಾಲದ ಇಂಥ ಶಾಲೆಗಳಲ್ಲೆಲ್ಲ ಕಣ್ಣಿಲ್ಲದವರಿಗೆ ಬೆತ್ತದ ಹೆಣಿಗೆ ಮತ್ತು ಸಂಗೀತ, ಕಿವಿ ಕೇಳದವರಿಗೆ ಮರಗೆಲಸ, ಹೊಲಿಗೆ, ನೇಯ್ಗೆ. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಈ ಬಗೆಯ ಕಲಿಕೆಯ ಶಿಖರ. ಅಲ್ಲಿ ಅಂಧ ಹುಡುಗನಿಗೆ ಹಾಡುವುದೇ ಅನ್ನದ ದಾರಿಯಾಯಿತು. ಸಾಧನೆ ದೊಡ್ಡದು, ಅನುಮಾನವಿಲ್ಲ. ಆದರೆ ಮಗುವಿನ ಒಲವು ಯಾವುದೆಂದು ಕೇಳದೆ ಊನ ಯಾವುದೆಂದು ನೋಡಿ ಕಸುಬು ಗೊತ್ತುಮಾಡುವ ಚಾಳಿಯೂ ಆಗಲೇ ಬೇರು ಬಿಟ್ಟಿತು. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಬೆಟ್ಟದ ಸೀಮೆಯ ಸ್ವಂತ ಕಥೆ ಶುರುವಾಗುವುದು ಶಾಲೆಯಿಂದಲ್ಲ, ಒಂದು ರೋಗದಿಂದ. 1980ರ ದಶಕದಲ್ಲಿ ಯಳಂದೂರು ತಾಲ್ಲೂಕು ಕುಷ್ಠರೋಗಕ್ಕೆ ಹೆಸರಾಗಿತ್ತು. 1987ರಲ್ಲಿ ಸಾವಿರ ಜನರಲ್ಲಿ ಇಪ್ಪತ್ತೊಂದು ಮಂದಿಗೆ ರೋಗವಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲೇ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದ್ದ ಡಾ. ಎಚ್. ಸುದರ್ಶನ್ ಈ ರೋಗವನ್ನು ಎದುರಿಸಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ಮನೆಮನೆ ತಪಾಸಣೆ, ಬಹುಔಷಧ ಚಿಕಿತ್ಸೆ, ಊರವರ ಹೆದರಿಕೆ ಬಿಡಿಸುವ ಮಾತು, ಎಲ್ಲವೂ ಒಟ್ಟಿಗೆ ನಡೆದವು. 2005ರ ಹೊತ್ತಿಗೆ ರೋಗದ ಪ್ರಮಾಣ ಸಾವಿರಕ್ಕೆ ಒಂದಕ್ಕಿಂತ ಎಷ್ಟೋ ಕೆಳಗಿಳಿದಿತ್ತು.

ರೋಗಾಣು ಸತ್ತರೂ ಮರಗಟ್ಟಿದ ಬೆರಳಿಗೆ ಸ್ಪರ್ಶ ಮರಳುವುದಿಲ್ಲ. ರೇಷ್ಮೆಯ ಸೀಮೆಯಲ್ಲಿ ಇದರ ಅರ್ಥವೇನೆಂದು ನೂಲು ಬಿಚ್ಚಣಿಕೆಯ ಮನೆಯನ್ನು ಒಮ್ಮೆ ಹೊಕ್ಕವರಿಗೆ ಗೊತ್ತು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಎತ್ತಬೇಕು. ಬಿಸಿ ತಾಗಿದ್ದು ತಿಳಿಯದ ಕೈ ಅಲ್ಲಿ ಸುಟ್ಟುಹೋಗುತ್ತದೆ. ಮದ್ದು ಕೊಟ್ಟವರಿಗೆ ಮುಂದಿನ ಪ್ರಶ್ನೆ ತಾನಾಗಿ ಎದುರಾಯಿತು: ಈತ ನಾಳೆ ಏನು ಮಾಡಿ ಉಣ್ಣಬೇಕು? ರೋಗಿಯೊಬ್ಬನ ವಾಸಿಯಾದ ಮೈಗೂ ಅವನ ಸಂಪಾದನೆಗೂ ನಡುವೆ ಇರುವ ಕಂದರ ಈ ತಾಲ್ಲೂಕಿನವರಿಗೆ ಕಾನೂನಿನ ಪುಸ್ತಕ ಓದುವ ಮುಂಚೆಯೇ ಕಂಡಿತ್ತು.

ಬಿಳಿಗಿರಿರಂಗನ ಬೆಟ್ಟದ ಮೇಲೆ ಸುದರ್ಶನ್ ಮತ್ತು ಸಂಗಡಿಗರು ಸೋಲಿಗ ಬುಡಕಟ್ಟಿನ ಮಕ್ಕಳಿಗಾಗಿ ನಡೆಸಿದ ಶಾಲೆ ಅಂಗವಿಕಲರ ಶಾಲೆಯಲ್ಲ. ಆದರೂ ಪೋಡಿನ, ಅಂದರೆ ಕಾಡಿನ ಹಾಡಿಯ, ಮಗುವನ್ನು ಬಯಲಿಗೆ ಇಳಿಸುವ ಬದಲು ಶಾಲೆಯನ್ನೇ ಬೆಟ್ಟಕ್ಕೆ ಹತ್ತಿಸಬಹುದೆಂದು ಅದು ತೋರಿಸಿತು. ಇದೇ ವಿಚಾರ ದೆಹಲಿಯಲ್ಲಿ ಬೇರೆ ಹೆಸರಿನಲ್ಲಿ ನಡೆಯುತ್ತಿತ್ತು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೇ ಸೇರಿಸುವ ಕೇಂದ್ರದ ಯೋಜನೆ 1974ರಲ್ಲಿ ಬಂತು. 1995ರ ಅಂಗವಿಕಲರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 3 ಮೀಸಲು ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕು ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟು, ಸರ್ಕಾರಿ ಹುದ್ದೆಯಲ್ಲಿ ಶೇ. 4 ಪಾಲು ಎಂದಿತು.

ಈ ನಡುವೆ ಹೆಸರೂ ಬದಲಾಯಿತು. ಕುಂಟ, ಕುರುಡ, ಮೂಗ ಎನ್ನುತ್ತಿದ್ದವರು ಅಂಗವಿಕಲ ಎಂದರು, ಸರ್ಕಾರ ವಿಕಲಚೇತನ ಎಂದಿತು, ಆಮೇಲೆ ವಿಶೇಷಚೇತನ, ದಿವ್ಯಾಂಗ. ಬೋರ್ಡು ಬದಲಾದಷ್ಟು ಬೇಗ ಶಾಲೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಹಳ್ಳಿಯ ಮಟ್ಟದಲ್ಲಿ ಈ ಕಾಯ್ದೆಗಳಿಗೆಲ್ಲ ಕೈಕಾಲು ಎಂದರೆ ಬಿಐಇಆರ್‌ಟಿ ಎಂಬ ಶಿಕ್ಷಕರು. ಸಾಮಾನ್ಯ ಶಾಲೆಗೆ ಸೇರಿದ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳಲೆಂದೇ ತರಬೇತಾದ ಈ ಶಿಕ್ಷಕರು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ವಿಶೇಷ ಶಿಕ್ಷಕರ ಅನುಪಾತ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ ಹದಿನೈದಕ್ಕೊಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಮೊಕದ್ದಮೆಯಲ್ಲಿ ಹೇಳಿತು. ಹನೂರು ತಾಲ್ಲೂಕಿನ ಕಾಡಂಚಿನಲ್ಲಿ ಒಂದು ಮಗುವಿನ ಮನೆಯಿಂದ ಇನ್ನೊಂದು ಮಗುವಿನ ಮನೆಗೆ ಹೋಗುವುದರಲ್ಲೇ ಹೊತ್ತು ಇಳಿಯುತ್ತದೆ. ಅನುಪಾತ ಬರೆದವರು ಘಟ್ಟದ ತಿರುವುಗಳನ್ನು ಎಣಿಸಿರಲಾರರು.

ಇಲ್ಲಿನ ಕಥೆಯ ಅತ್ಯಂತ ವಿಚಿತ್ರ ತಿರುವು 2016ರ ಕಾಯ್ದೆಯಲ್ಲೇ ಇದೆ. ಸೋಲಿಗರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಬರುವ ಸಿಕಲ್ ಸೆಲ್ ರೋಗ ಬೆಟ್ಟದ ಆಸ್ಪತ್ರೆಗೆ ಹಳೆಯ ಪರಿಚಯ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ ಮೂಳೆಗೂ ನೋವು. ಹೊರಗಿನಿಂದ ನೋಡಿದರೆ ಮಗುವಿಗೆ ಏನೂ ಆಗಿಲ್ಲ. ಕೈಕಾಲು ನೆಟ್ಟಗಿವೆ, ಕಣ್ಣು ಕಾಣುತ್ತದೆ, ತಿಂಗಳಲ್ಲಿ ಹತ್ತು ದಿನ ಶಾಲೆಗೆ ಬರುವುದಿಲ್ಲ, ಅಷ್ಟೇ. ಇಂಥ ಮಗುವಿಗೆ ಸೋಮಾರಿ ಎಂಬ ಹೆಸರು ಬೀಳಲು ಎಷ್ಟು ಹೊತ್ತು? ತಲಸ್ಸೇಮಿಯಾ, ಹಿಮೋಫಿಲಿಯಾಗಳ ಜೊತೆಗೆ ಸಿಕಲ್ ಸೆಲ್ ಕೂಡ 21ರ ಪಟ್ಟಿಗೆ ಸೇರಿದ ಮೇಲೆ ಆ ಗೈರುಹಾಜರಿಗೆ ಕಾನೂನಿನಲ್ಲಿ ಒಂದು ಕಾರಣ ಸಿಕ್ಕಿತು.

ಆದರೆ ಅದೇ ಕಾಯ್ದೆಯ 34ನೇ ಕಲಮು ತೆಗೆದು ನೋಡಿ. ಹುದ್ದೆಯ ಶೇ. 4 ಮೀಸಲಾತಿ ಯಾರಿಗೆಂದು ಅಲ್ಲಿ ಹೆಸರಿಸಿ ಹೇಳಿದೆ. ಕುಷ್ಠದಿಂದ ಗುಣವಾದವರಿದ್ದಾರೆ, ಕಣ್ಣು, ಕಿವಿ, ಚಲನೆಯ ತೊಂದರೆಯವರಿದ್ದಾರೆ, ಆಟಿಸಂ ಮತ್ತು ಬೌದ್ಧಿಕ ವೈಕಲ್ಯದವರಿದ್ದಾರೆ. ರಕ್ತದ ರೋಗದವರು ಇಲ್ಲ. ಯಳಂದೂರಿನ ಹಳೆಯ ರೋಗಕ್ಕೆ ಉದ್ಯೋಗದ ಪಾಲುಂಟು, ಬೆಟ್ಟದ ಮೇಲಿನ ಈ ರೋಗಕ್ಕೆ ಇಲ್ಲ. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಕಾಲೇಜಿನ ಸೀಟು ಸಿಗುತ್ತದೆ, ಕಾಲೇಜು ಮುಗಿದ ಮರುದಿನ ಅದೇ ಸರ್ಟಿಫಿಕೇಟು ಹುದ್ದೆಯ ಮೀಸಲಿಗೆ ಬರುವುದಿಲ್ಲ. ಕಲಿಸಿ ಬಾಗಿಲಲ್ಲಿ ನಿಲ್ಲಿಸುವ ಈ ಏರ್ಪಾಡನ್ನು ಸಂಸತ್ತು ತಿದ್ದಲೇಬೇಕು.

ಖಾಸಗಿ ಕೆಲಸದ ಕಡೆಗೆ ಒಯ್ಯುವ ದಾರಿಗಳು ಇಲ್ಲವೆಂದಲ್ಲ. ಮೈಸೂರಿನಲ್ಲಿ 1991ರಲ್ಲಿ ಆರಂಭವಾದ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ ಕಂಪ್ಯೂಟರಿನಿಂದ ಆಭರಣ ವಿನ್ಯಾಸದವರೆಗೆ ಡಿಪ್ಲೊಮಾ ಕಲಿಸುತ್ತದೆ. ಆದರೆ ಈ ದಾರಿ ಮತ್ತೆ ಪಟ್ಟಣದತ್ತಲೇ ಹೋಗುತ್ತದೆ. ಊರಿನಲ್ಲೂ ಕಸುಬುಗಳಿವೆ. ಕೊಳ್ಳೇಗಾಲದ ಹೆಸರನ್ನೇ ಹೊತ್ತ ರೇಷ್ಮೆ ಸೀರೆ ಇದೆ. ಮಗ್ಗದ ಮುಂದೆ ಕೂತವನಿಗೆ ಕಿವಿ ಕೇಳದಿದ್ದರೂ ಲಾಳಿ ಓಡುತ್ತದೆ. ಹುಣಿಸೆಹಣ್ಣು ಬಿಡಿಸುವುದು, ಜೇನು ಸೋಸಿ ಬಾಟಲಿಗೆ ತುಂಬುವುದು, ರೇಷ್ಮೆ ಗೂಡು ವಿಂಗಡಿಸುವುದು ಕೂತು ಮಾಡುವ ಕೆಲಸಗಳೇ. ಊರಿನಲ್ಲಿರುವ ಕಸುಬನ್ನು ಶಾಲೆಯ ಒಂಬತ್ತು, ಹತ್ತನೇ ತರಗತಿಗೆ ಜೋಡಿಸುವ ಯೋಚನೆಗೆ ಹಣಕ್ಕಿಂತ ಮನಸ್ಸು ಬೇಕು.

ಅದಕ್ಕೂ ಮೊದಲು ಮಗು ಶಾಲೆ ಮುಟ್ಟಬೇಕು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಪಡಸಲನತ್ತ, ತುಳಸಿಕೆರೆ, ಇಂಡಿಗನತ್ತದಂಥ ಕಾಡುಹಳ್ಳಿಗಳಲ್ಲಿ ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ತರುವ ಸುದ್ದಿ ಈಚಿನವರೆಗೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಈಚೆಗೆ ‘ಜನ–ವನ ಸಾರಿಗೆ’ ಎಂಬ ಜೀಪುಗಳು ಇಂಥ ಊರುಗಳ ಮಕ್ಕಳನ್ನು ಶಾಲೆಗೆ ಕರೆತರತೊಡಗಿದವು. ಆರೋಗ್ಯವಂತ ಮಗುವಿಗೇ ಜೀಪು ಬೇಕಾದ ದಾರಿ ಇದು. ಕ್ಯಾಲಿಪರ್ ಕಟ್ಟಿದ ಕಾಲಿಗೆ ಇನ್ನೆಷ್ಟು ಬೇಕು!

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅವರನ್ನು, ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿಯವರನ್ನು ಹೆಸರು ಹಿಡಿದು ಕೇಳಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಬೇಕಿದ್ದರೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ. ಪರೀಕ್ಷೆಯ ಬೆಳಿಗ್ಗೆ ಹೋಗಿ ಕೇಳಿದರೆ ಯಾರೂ ಕೊಡಲಾರರು.