ಹೆಣಕ್ಕೂ ಮೇಲುಕೀಳು

ನಾಗಸಂದ್ರದ ನಮಗೆ ಹೆಬ್ಬಾಳ ದೂರದ ಊರಲ್ಲ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ ದಂಡಿನೆದುರು ಕಾದಿ ಸತ್ತ ಕಿತ್ತಯ್ಯ ಇಂದ್ರಲೋಕ ಸೇರಿದನಂತೆ. ಸರಿ, ಅಂಥ ಕಾಳಗಗಳಲ್ಲಿ ಕಲ್ಲು ಸಿಗದೆ ಸತ್ತ ಆಳುಮಕ್ಕಳು ಯಾರ ಪಾಲಾದರು?

ಗ್ರೀಕರ ಹೋಮರ ಇದನ್ನ ಮುಚ್ಚಿಡಲಿಲ್ಲ. ಅವನ ಇಲಿಯಡ್ ಶುರುವಾಗೋದೇ ನಾಯಿ, ಹದ್ದುಗಳ ಪಾಲಾದ ಹೆಣಗಳಿಂದ. ಆದರೆ ಅಲ್ಲೂ ಭೇದ ಉಂಟು. ಹೆಕ್ಟರನನ್ನ ನಾಯಿಗೆ ಹಾಕ್ತೀನಿ ಅಂತ ಅಕಿಲೀಸ್ ಅಬ್ಬರಿಸಿದರೂ ದೇವತೆಗಳೇ ಹೆಣ ಕಾದರು. ಅಪ್ಪ ಪ್ರಿಯಾಮ ಹೊನ್ನು ತೆತ್ತು ಬಿಡಿಸಿಕೊಂಡ. ಅರಸುಮಗನಲ್ಲವೆ!

ಸೊಫೋಕ್ಲೀಸನ ಆಂಟಿಗೊನೆ ನಾಟಕ ಇನ್ನೂ ಖಾರ. ಹಗೆಯ ಹೆಣ ಹೂಳಕೂಡದೆಂದು ದೊರೆ ಕ್ರಿಯಾನ್ ಕಟ್ಟಪ್ಪಣೆ ಮಾಡಿದ. ನಾಯಿ ಹಕ್ಕಿಗಳು ಅದೇ ಮಾಂಸ ತಂದು ದೇವರ ಬಲಿಪೀಠಗಳನ್ನೇ ಕೆಡಿಸಿದವು. ಆ ಮೈಲಿಗೆ ಹುಟ್ಟಿದ್ದು ಅರಮನೆಯಲ್ಲಿ.

ನಮ್ಮ ರನ್ನನ ಗದಾಯುದ್ಧದಲ್ಲೂ ಹೆಣಗಳ ನಡುವೆ ನಡೆವ ದುರ್ಯೋಧನನನ್ನ ಮರುಳುಗಳು ಅಣಕಿಸುತ್ತವೆ.

ಸತ್ತ ದನ ಹೊತ್ತವರನ್ನ, ಊರ ಹೆಣಕ್ಕೆ ಗುಂಡಿ ತೋಡಿದವರನ್ನ ಮೈಲಿಗೆಯೆಂದು ದೂರವಿಟ್ಟ ಜನ ಇದನ್ನ ಓದಬೇಕು. ನರಿ ಯಾರ ಕುಲವನ್ನೂ ಕೇಳಲಿಲ್ಲ; ಕೇಳಿದವರು ಮನುಷ್ಯರು. ಮೇಷ್ಟ್ರುಗಳೆ, ಮಕ್ಕಳಿಗೆ ವೀರಗಲ್ಲು ತೋರಿಸುವಾಗ ಕಲ್ಲಿಲ್ಲದವರ ಲೆಕ್ಕವನ್ನೂ ಕೇಳಿಸಿ.