ನೆಲದ ಆಮೆಯಿಂದ ಪರದೆಯ ಬೆಕ್ಕಿನವರೆಗೆ

ಇನ್ನೂ ಅಕ್ಷರ ಬಾರದ ಮಗು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯಬಲ್ಲುದೇ? ಪ್ರಶ್ನೆ ಕೇಳಿದ ಕೂಡಲೇ ಹಲವರು ನಕ್ಕುಬಿಡುತ್ತಾರೆ. ಆದರೆ ಇಂದು ಶಿಶುವಿಹಾರದ ಯಾವ ಶಿಕ್ಷಕಿಯೂ ಒಂದು ಪೈಸೆ ಕೊಡದೆ ಅಂತರಜಾಲದಿಂದ ಇಳಿಸಿಕೊಳ್ಳಬಹುದಾದ 'ಸ್ಕ್ರ್ಯಾಚ್ ಜೂನಿಯರ್' ಎಂಬ ತಂತ್ರಾಂಶ ಇರುವುದೇ ಆ ಕೆಲಸಕ್ಕಾಗಿ. ಇಂತಹ ಸಾಧನಗಳು ಸ್ಮಾರ್ಟ್‌ಫೋನಿನ ಜೊತೆಗೆ ಹುಟ್ಟಿದವು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಇವುಗಳ ವಂಶಾವಳಿ ಅರ್ಧ ಶತಮಾನಕ್ಕೂ ಹಿಂದಕ್ಕೆ ಹೋಗುತ್ತದೆ. ಅದನ್ನು ತಿಳಿದರೆ ಈಗಿನ ಉಚಿತ ಸಾಧನಗಳಲ್ಲಿ ಏನು ಉಳಿದಿದೆ, ಏನು ಕಳೆದುಹೋಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಕಥೆಯ ಮುಖ್ಯ ವ್ಯಕ್ತಿ ಸೀಮೋರ್ ಪ್ಯಾಪರ್ಟ್. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ 1928ರಲ್ಲಿ ಹುಟ್ಟಿದ ಈ ಗಣಿತಜ್ಞನಿಗೆ ತೀರಾ ಎಳವೆಯಲ್ಲೇ ಕಾರಿನ ಭಾಗಗಳೆಂದರೆ ಪ್ರಾಣ. ಅದರಲ್ಲೂ ಹಿಂಬದಿಯ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ 'ಡಿಫರೆನ್ಷಿಯಲ್' ಗಿಯರ್ ಅವನನ್ನು ಸೆಳೆದಿತ್ತು. ಮುಂದೆ ಶಾಲೆಯಲ್ಲಿ ಮಗ್ಗಿಯನ್ನೂ ಎರಡು ಅವ್ಯಕ್ತಗಳಿರುವ ಸಮೀಕರಣಗಳನ್ನೂ ಅವನು ಮನಸ್ಸಿನಲ್ಲಿ ಗಿಯರುಗಳನ್ನು ತಿರುಗಿಸುತ್ತಲೇ ಅರ್ಥಮಾಡಿಕೊಂಡನಂತೆ. ಎಲ್ಲ ಮಕ್ಕಳಿಗೂ ಗಿಯರ್ ಇಷ್ಟವಾಗಬೇಕೆಂದಿಲ್ಲ. ಆದರೆ ಬೇಕಾದ ರೂಪವನ್ನು ತಾಳಬಲ್ಲ ಒಂದು ಯಂತ್ರವಿದ್ದರೆ? ಕಂಪ್ಯೂಟರ್ ಅಂತಹ ಯಂತ್ರವೆಂದು ಆತನಿಗೆ ಅನ್ನಿಸಿತು. 1958ರಿಂದ 1963ರವರೆಗೆ ಜಿನೀವದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಂದಿಗೆ ಕೆಲಸ ಮಾಡಿದ ಪ್ಯಾಪರ್ಟ್, ಮಗು ಜ್ಞಾನವನ್ನು ಪಡೆಯುವುದಿಲ್ಲ, ಕಟ್ಟಿಕೊಳ್ಳುತ್ತದೆ ಎಂಬ ನಿಲುವನ್ನು ಹೊತ್ತು ಅಮೆರಿಕದ ಎಂಐಟಿಗೆ ಬಂದರು.

ಅಲ್ಲಿ 1967ರಲ್ಲಿ, ಬಿಬಿಎನ್ ಎಂಬ ಸಂಸ್ಥೆಯ ವಾಲಿ ಫೋಯರ್‌ಜೈಗ್, ಸಿಂಥಿಯಾ ಸಾಲಮನ್ ಮುಂತಾದವರೊಂದಿಗೆ ಸೇರಿ ರೂಪಿಸಿದ್ದೇ 'ಲೋಗೊ' ಭಾಷೆ. ಹೆಸರು ಗ್ರೀಕಿನಲ್ಲಿ 'ಮಾತು' ಎಂಬರ್ಥದ ಪದದಿಂದ ಬಂದದ್ದು. ಮೊದಲ ಲೋಗೊದಲ್ಲಿ ಚಿತ್ರವೇ ಇರಲಿಲ್ಲ. ಪದ ಮತ್ತು ವಾಕ್ಯಗಳೊಂದಿಗಿನ ಆಟವಷ್ಟೇ. ಆಮೆ ಬಂದದ್ದು ಸ್ವಲ್ಪ ತಡವಾಗಿ, 1970ರ ಆಸುಪಾಸಿನಲ್ಲಿ. ಗುಮ್ಮಟದಂತಹ ಮೈ, ಎರಡು ಚಕ್ರ, ಹೊಟ್ಟೆಯಡಿಯಲ್ಲಿ ಒಂದು ಪೆನ್ನು. ಕಂಪ್ಯೂಟರಿನಿಂದ ಬಂದ ಆಜ್ಞೆಯಂತೆ ಅದು ನೆಲದ ಮೇಲಿನ ಕಾಗದದಲ್ಲಿ ಗೆರೆ ಎಳೆಯುತ್ತ ಸಾಗುತ್ತಿತ್ತು. (ಆಮೆ ಎಂಬ ಹೆಸರಿಗೆ ಪೂರ್ವಜರುಂಟು. ಬ್ರಿಸ್ಟಲ್‌ನ ಗ್ರೇ ವಾಲ್ಟರ್ 1940ರ ದಶಕದ ಕೊನೆಯಲ್ಲಿ ತಯಾರಿಸಿದ, ಬೆಳಕಿನತ್ತ ತೆವಳುವ ಯಂತ್ರಗಳನ್ನೂ ಆಮೆಗಳೆಂದೇ ಕರೆಯುತ್ತಿದ್ದರು.)

ಭೌತವಿಜ್ಞಾನ ಕಲಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವೃತ್ತವನ್ನು ನಾವು ತರಗತಿಯಲ್ಲಿ ಹೇಗೆ ಹೇಳಿಕೊಡುತ್ತೇವೆ? ಕೇಂದ್ರ, ತ್ರಿಜ್ಯ, ಎರಡು ಅಕ್ಷಗಳು, ಒಂದು ವರ್ಗ ಸಮೀಕರಣ. ಆಮೆಗೆ ಇವು ಯಾವುವೂ ಬೇಡ. 'ಒಂದು ಹೆಜ್ಜೆ ಮುಂದೆ ಹೋಗು, ಒಂದು ಡಿಗ್ರಿ ಬಲಕ್ಕೆ ತಿರುಗು. ಇದನ್ನು 360 ಸಲ ಮಾಡು.' ಇಷ್ಟೇ. ಕೇಂದ್ರ ಎಲ್ಲಿದೆ ಎಂಬುದು ಆಮೆಗೆ ಗೊತ್ತೇ ಇಲ್ಲ! ಈ ಕ್ಷಣದಲ್ಲಿ, ಈ ಜಾಗದಲ್ಲಿ ಮುಂದಿನ ಹೆಜ್ಜೆ ಯಾವುದು ಎಂಬುದನ್ನು ಮಾತ್ರ ಅದು ಬಲ್ಲದು. ನ್ಯೂಟನ್ನನ ಚಲನೆಯ ನಿಯಮ ಗ್ರಹಕ್ಕೆ ಹೇಳುವುದೂ ಇದನ್ನೇ ತಾನೆ? ನಮ್ಮ ವಿದ್ಯಾರ್ಥಿಗಳು ಪದವಿ ತರಗತಿಯಲ್ಲಿ ಎದುರಿಸುವ ಅವಕಲ ಸಮೀಕರಣದ ತಿರುಳು ಇಲ್ಲಿ ಆಟದ ರೂಪದಲ್ಲಿದೆ. ಇನ್ನೊಂದು ಸ್ವಾರಸ್ಯ: ಆಮೆ ನಡೆದ ಸುತ್ತಳತೆ 360 ಹೆಜ್ಜೆ. ಹಾಗಾದರೆ ತ್ರಿಜ್ಯ ಸುಮಾರು 57.3 ಹೆಜ್ಜೆ. ಈ ಸಂಖ್ಯೆ ಎಲ್ಲೋ ನೋಡಿದಂತಿದೆಯೇ? ಒಂದು ರೇಡಿಯನ್ ಎಂದರೆ 57.3 ಡಿಗ್ರಿ! ಇದು ಕಾಕತಾಳೀಯವಲ್ಲ, ಏಕೆಂದು ವಿದ್ಯಾರ್ಥಿಗಳೇ ತರ್ಕಿಸಲಿ.

ಪ್ರೋಗ್ರಾಮ್ ತಪ್ಪಿದರೆ ಪ್ಯಾಪರ್ಟ್ ಕೊಡುತ್ತಿದ್ದ ಸಲಹೆ ಸರಳ: ನೀನೇ ಆಮೆಯಾಗು, ಎದ್ದು ನಡೆದು ನೋಡು. ಮಗುವಿಗೆ ತನ್ನ ದೇಹದ ಚಲನೆ ಗೊತ್ತು. ಆ ತಿಳಿವಿನ ಮೇಲೆಯೇ ಜ್ಯಾಮಿತಿಯನ್ನು ಕಟ್ಟುವುದು ಈ ವಿಧಾನದ ಜೀವಾಳ.

ಆದರೆ ಲೋಗೊ ಬಳಸಲು ಆಜ್ಞೆಗಳನ್ನು ಕೀಲಿಮಣೆಯಲ್ಲಿ ಒತ್ತಬೇಕು, ಅಂದರೆ ಓದುಬರಹ ಬೇಕು. ಇದನ್ನು ದಾಟಿದವರು ಎಂಐಟಿಯಲ್ಲಿ ಪ್ಯಾಪರ್ಟ್ ತಂಡದಲ್ಲಿದ್ದ ವಿದ್ಯಾರ್ಥಿನಿ ರಾಡಿಯಾ ಪರ್ಲ್‌ಮನ್. 1970ರ ದಶಕದ ನಡುಭಾಗದಲ್ಲಿ ಆಕೆ ತಯಾರಿಸಿದ 'ಟಾರ್ಟಿಸ್' ಎಂಬ ವ್ಯವಸ್ಥೆಯನ್ನು ಮೂರೂವರೆ ವರ್ಷದ ಮಕ್ಕಳೂ ಬಳಸಿದರು. ಅದರ ಮೊದಲ ರೂಪ ಗುಂಡಿಗಳ ಪೆಟ್ಟಿಗೆ. ಒಂದು ಪೆಟ್ಟಿಗೆಯಲ್ಲಿ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಮುಂತಾದ ಗುಂಡಿಗಳು. ಅದು ಅಭ್ಯಾಸವಾದ ಮೇಲೆ ಅಂಕಿಗಳ ಪೆಟ್ಟಿಗೆ. ಆಮೇಲೆ ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ಪೆಟ್ಟಿಗೆ. ಒಮ್ಮೆಗೆ ಒಂದೇ ಹೊಸ ವಿಚಾರ. ನಾಲ್ಕು ವರ್ಷದ ಮಗುವಿನ ಮನಸ್ಸನ್ನು ಅರಿತವರು ಮಾತ್ರ ಹೀಗೆ ಮೆಟ್ಟಿಲು ಕಟ್ಟಬಲ್ಲರು.

ಎರಡನೆಯ ರೂಪ ಇನ್ನೂ ಸೊಗಸಾದುದು. ಸಾಲು ಸಾಲಾಗಿ ಸೀಳುಗಂಡಿಗಳಿರುವ ಯಂತ್ರ. ಪ್ರತಿ ಆಜ್ಞೆಗೂ ಚಿತ್ರವಿರುವ ಒಂದು ಕಾರ್ಡು. ಮಗು ಕಾರ್ಡುಗಳನ್ನು ಒಂದರ ಪಕ್ಕ ಒಂದು ಸಿಕ್ಕಿಸಿ ಸಾಲಿನ ಗುಂಡಿ ಒತ್ತಿದರೆ ಆಮೆ ಅವುಗಳನ್ನು ಕ್ರಮವಾಗಿ ಪಾಲಿಸುತ್ತದೆ. ಯಾವ ಕಾರ್ಡು ಆ ಕ್ಷಣ ಕೆಲಸ ಮಾಡುತ್ತಿದೆಯೋ ಅದರ ಬಳಿ ದೀಪ ಹತ್ತುತ್ತದೆ. ತಪ್ಪು ಎಲ್ಲಾಯಿತೆಂದು ಮಗುವಿಗೆ ಯಾರೂ ಹೇಳಬೇಕಿಲ್ಲ, ದೀಪವೇ ಹೇಳುತ್ತದೆ. ಪ್ರತಿ ಸಾಲಿಗೂ ಒಂದು ಬಣ್ಣ. ಅದೇ ಬಣ್ಣದ ಕಾರ್ಡನ್ನು ಬೇರೆ ಸಾಲಿನಲ್ಲಿಟ್ಟರೆ ಆ ಸಾಲು ಪೂರ್ತಿ ನಡೆಯುತ್ತದೆ. ಕೆಂಪು ಸಾಲಿನೊಳಗೆ ಕೆಂಪು ಕಾರ್ಡನ್ನೇ ಇಟ್ಟರೆ? ಸಾಲು ತನ್ನನ್ನು ತಾನೇ ಕರೆಯುತ್ತ ನಿಲ್ಲದೆ ನಡೆಯುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನೇ ಕಾಡುವ 'ರಿಕರ್ಷನ್' ಎಂಬ ಪರಿಕಲ್ಪನೆ ಬಣ್ಣದ ಕಾರ್ಡಿನಲ್ಲಿ!

ಇಂತಹ ಕೆಲಸ ಮುಂದುವರಿಯಲಿಲ್ಲ. ಸುತ್ತಲೂ ಗಂಡಸರೇ ತುಂಬಿದ್ದ ಆ ವಾತಾವರಣದಲ್ಲಿ ಪುಟ್ಟ ಮಕ್ಕಳೊಂದಿಗಿನ ಸಂಶೋಧನೆ ತನ್ನನ್ನು 'ನಿಜವಾದ ವಿಜ್ಞಾನಿ'ಯಾಗಿ ಕಾಣಲು ಅಡ್ಡಿಯಾದೀತೆಂಬ ಸಂಕೋಚದಿಂದ ಅದನ್ನು ಬಿಟ್ಟೆನೆಂದು ಪರ್ಲ್‌ಮನ್ ಮುಂದೆ ಹೇಳಿದ್ದಾರೆ. 1985ರಲ್ಲಿ ಆಕೆ ಕಂಪ್ಯೂಟರ್ ಜಾಲಗಳಲ್ಲಿ ಸಂದೇಶಗಳು ಸುತ್ತುಗಟ್ಟಿ ಸಿಕ್ಕಿಬೀಳದಂತೆ ತಡೆಯುವ 'ಸ್ಪ್ಯಾನಿಂಗ್ ಟ್ರೀ' ವಿಧಾನವನ್ನು ರೂಪಿಸಿ ಹೆಸರಾದರು. ಜಾಲತಂತ್ರಕ್ಕೆ ದಕ್ಕಿದ್ದು ಶಿಶುಶಿಕ್ಷಣಕ್ಕೆ ನಷ್ಟವಾಯಿತು. ಚಿಕ್ಕ ಮಕ್ಕಳ ಕಲಿಕೆಯನ್ನು ಕಿರಿದಾದ ವಿಷಯವೆಂದು ಕಾಣುವ ಚಾಳಿ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಲ್ಲದಿಲ್ಲ.

1980ರಲ್ಲಿ ಪ್ಯಾಪರ್ಟರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕ ಹೊರಬಂತು. ಹೊಸದಾಗಿ ಬಂದ ಚಿಕ್ಕ ಕಂಪ್ಯೂಟರುಗಳಲ್ಲಿ ಲೋಗೊ ಓಡತೊಡಗಿತು, ಆಮೆ ನೆಲದಿಂದ ಪರದೆಗೆ ಏರಿತು. ಉತ್ಸಾಹ ಎಷ್ಟಿತ್ತೆಂದರೆ, ಲೋಗೊ ಕಲಿತ ಮಕ್ಕಳು ಎಲ್ಲದರಲ್ಲೂ ಚುರುಕಾಗುವರೆಂದು ನಂಬಲಾಯಿತು. ಪರೀಕ್ಷೆ ಬೇಡವೇ? ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ 1984ರ ಸುಮಾರಿಗೆ ಅದನ್ನು ಮಾಡಿದರು. ಒಂದು ವರ್ಷ ಲೋಗೊ ಕಲಿತ ಮಕ್ಕಳಿಗೂ ಕಲಿಯದವರಿಗೂ ತರಗತಿಯ ದಿನನಿತ್ಯದ ಕೆಲಸಗಳನ್ನು ಯೋಜಿಸುವ ಸಮಸ್ಯೆ ಕೊಟ್ಟರು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅದೇ 1984ರಲ್ಲಿ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಡೊಮಿನಿಕ್ ಗಲ್ಲೊ ಆರು ವರ್ಷದ 18 ಮಕ್ಕಳನ್ನು 12 ವಾರ ಗಮನಿಸಿ, ಲೋಗೊ ಗುಂಪಿನ ಮಕ್ಕಳು ಆತುರಪಡದೆ ಯೋಚಿಸುವುದರಲ್ಲಿಯೂ ದಿಕ್ಕುಗಳನ್ನು ವಿವರಿಸುವುದರಲ್ಲಿಯೂ ಮುಂದಿದ್ದರೆಂದು ವರದಿ ಮಾಡಿದರು. ಹದಿನೆಂಟು ತೀರಾ ಚಿಕ್ಕ ಸಂಖ್ಯೆ, ನಿಜ. ಯಂತ್ರವೊಂದೇ ಮಗುವನ್ನು ಬದಲಿಸುವುದೆಂದು ನಿರೀಕ್ಷಿಸುವುದೇ ತಪ್ಪು, ತರಗತಿಯ ಸಂಸ್ಕೃತಿಯನ್ನು ನೋಡಿ ಎಂದು ಪ್ಯಾಪರ್ಟ್ 1987ರಲ್ಲಿ ಉತ್ತರಿಸಿದರು. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಉತ್ತರ ಮಾತ್ರ. ಅಳೆಯಲಾಗದ ಲಾಭವನ್ನು ಮುಂದಿಟ್ಟು ಶಾಲೆಗಳಿಂದ ಹಣ ಕೇಳುವುದು ಸುಲಭವಲ್ಲ, ಸರಿಯೂ ಅಲ್ಲ.

ಹಣದ ಪ್ರಶ್ನೆಯನ್ನು ಸಡಿಲಿಸಿದ್ದು ಮುಕ್ತ ತಂತ್ರಾಂಶ ಚಳವಳಿ. ಫ್ರಾನ್ಸಿನ ಬ್ರೂನೊ ಕುದೆಂ 2000ದಲ್ಲಿ ಆರಂಭಿಸಿದ 'ಜಿಕಾಂಪ್ರಿ', ಎರಡರಿಂದ ಹತ್ತು ವರ್ಷದವರಿಗಾಗಿ ನೂರಕ್ಕೂ ಹೆಚ್ಚು ಚಟುವಟಿಕೆಗಳ ಕಟ್ಟು. ಹೆಸರನ್ನು ಫ್ರೆಂಚಿನಲ್ಲಿ ಉಚ್ಚರಿಸಿದರೆ 'ನನಗೆ ಅರ್ಥವಾಯಿತು' ಎಂದು ಕೇಳಿಸುತ್ತದೆ. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಬಿಡುಗಡೆ ಮಾಡಿದ ಚಿತ್ರ ಬಿಡಿಸುವ 'ಟಕ್ಸ್ ಪೇಂಟ್' ಕನ್ನಡದಲ್ಲಿಯೂ ಲಭ್ಯ. ಇಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಪದಗಳ ವ್ಯತ್ಯಾಸವನ್ನು ಶಿಕ್ಷಕರು ಗಮನಿಸಬೇಕು. ಉಚಿತವಾಗಿ ಕೊಟ್ಟವರು ನಾಳೆ ಹಿಂತೆಗೆದುಕೊಳ್ಳಬಹುದು, ನಡುವೆ ಜಾಹೀರಾತು ತೂರಿಸಬಹುದು. ಮುಕ್ತವಾದುದನ್ನು ಯಾರೂ ನಕಲು ಮಾಡಿ ಹಂಚಬಹುದು, ತಮ್ಮ ಭಾಷೆಗೆ ಹೊಂದಿಸಬಹುದು. ಟಕ್ಸ್ ಪೇಂಟಿನಲ್ಲಿ ಕನ್ನಡ ಬಂದದ್ದು ಇದೇ ಕಾರಣಕ್ಕೆ.

ಪ್ಯಾಪರ್ಟರ ಪರಂಪರೆಯವರಾದ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿಯಲ್ಲಿ ರೂಪಿಸಿದ 'ಸ್ಕ್ರ್ಯಾಚ್' 2007ರಲ್ಲಿ ಬಂದಿತು. ಅದು ಎಂಟು ವರ್ಷ ದಾಟಿದವರಿಗೆ. ಪ್ಯಾಪರ್ಟರ ಇನ್ನೊಬ್ಬ ಶಿಷ್ಯೆ, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮರೀನಾ ಬರ್ಸ್, ರೆಸ್ನಿಕ್ ತಂಡದೊಂದಿಗೆ ಸೇರಿ ಐದರಿಂದ ಏಳು ವರ್ಷದವರಿಗಾಗಿ 2014ರಲ್ಲಿ ಸ್ಕ್ರ್ಯಾಚ್ ಜೂನಿಯರ್ ತಂದರು. ಇದರ ತುಂಡುಗಳ ಮೇಲೆ ಅಕ್ಷರವಿಲ್ಲ, ಬರೀ ಚಿತ್ರ. ಬಾಣದ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಪರದೆಯ ಬೆಕ್ಕು ನಡೆಯುತ್ತದೆ. ನಡೆಯುತ್ತಿರುವ ತುಂಡು ಎದ್ದು ಕಾಣುತ್ತದೆ. ಪರ್ಲ್‌ಮನ್‌ರ ಕಾರ್ಡು, ದೀಪ ನೆನಪಾಗುವುದಿಲ್ಲವೇ? ಕೋನವನ್ನೂ ಜಾಣತನದಿಂದ ಸರಳಗೊಳಿಸಿದ್ದಾರೆ. 360 ಡಿಗ್ರಿ ಐದು ವರ್ಷದ ಮಗುವಿಗೆ ಅರ್ಥಹೀನ. ಇಲ್ಲಿ ಪೂರ್ಣ ಸುತ್ತಿಗೆ 12 ಅಳತೆ, ಗಡಿಯಾರದ ಮುಖದಲ್ಲಿರುವಷ್ಟೇ.

ಆದರೂ ಒಂದು ಕೊರತೆ ಇದೆ. ಬೆಕ್ಕಿನ ಬಾಣಗಳು ಮೇಲೆ, ಕೆಳಗೆ, ಎಡ, ಬಲ ಎಂಬ ಪರದೆಯ ಸ್ಥಿರ ದಿಕ್ಕುಗಳು. ಬೆಕ್ಕು ತಲೆಕೆಳಗಾಗಿದ್ದರೂ 'ಬಲ' ಎಂದರೆ ಪರದೆಯ ಬಲವೇ. ಆಮೆಗೆ ಹಾಗಲ್ಲ, ಅದಕ್ಕೆ ತನ್ನ ಮುಖವಿದ್ದ ಕಡೆಯೇ ಮುಂದು. ಆಮೆಯ ಬಲ ತಿಳಿಯಲು ಮಗು ಆಮೆಯ ಜಾಗದಲ್ಲಿ ನಿಲ್ಲಬೇಕಿತ್ತು. ಬೆಕ್ಕಿನ ವಿಷಯದಲ್ಲಿ ಅದು ಬೇಕಿಲ್ಲ. ಅಂದರೆ ಕಾರ್ಟೀಸಿಯನ್ ಅಕ್ಷಗಳು ಹಿಂಬಾಗಿಲಿನಿಂದ ಮತ್ತೆ ಬಂದಿವೆ!

ಇದನ್ನು ಸರಿಪಡಿಸಲು ಯಂತ್ರವೇ ಬೇಕಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯಂತಹ ಚೌಕಗಳನ್ನು ಬರೆಯಿರಿ. ಒಂದು ಮಗು ಆಮೆ, ಇನ್ನೊಂದು ಆಜ್ಞೆ ಕೊಡುವವ. ಹಳೆಯ ರಟ್ಟಿನಲ್ಲಿ ಬಾಣದ ಚಿತ್ರ ಬರೆದ ಕಾರ್ಡುಗಳನ್ನು ಸಾಲಾಗಿ ಇಡಲಿ, ಆಮೆ ಅದರಂತೆಯೇ ನಡೆಯಲಿ. ಎದುರುಬದುರು ನಿಂತಾಗ ಆಮೆಯ ಬಲ ಯಾವುದು, ಆಜ್ಞೆ ಕೊಟ್ಟವನ ಬಲ ಯಾವುದು ಎಂಬ ಜಗಳ ಐದು ನಿಮಿಷದೊಳಗೆ ಶುರುವಾಗುತ್ತದೆ. ತೀರ್ಪು ಹೇಳಲು ಹೋಗಬೇಡಿ. ಜಗಳ ಬಗೆಹರಿದ ಮೇಲೆ, ಇದ್ದರೆ, ಟ್ಯಾಬ್ಲೆಟ್ ತೆಗೆಯಿರಿ.